ಕಾಗದದ ಸಾಣೆ

ಯಾರ ಮನೆಗೆ ಹೋದರೂ ನನಗೀಗ ಒಂದು ಕೆಟ್ಟ ಚಾಳಿ. ಕಾಫಿ ಲೋಟ ಕೈಗೆ ಬರುವ ಮೊದಲೇ ಅಡುಗೆಮನೆಗೆ ನುಗ್ಗಿ, ಅಲ್ಲಿರುವ ಚಾಕು ಎತ್ತಿಕೊಂಡು, ಅಲುಗಿಗೆ ಅಡ್ಡಲಾಗಿ ಹೆಬ್ಬೆರಳು ಸವರಿ ನೋಡುತ್ತೇನೆ. ಮೊನ್ನೆ ತರೀಕೆರೆಯಲ್ಲಿ ನಂಟರ ಮನೆಯ ನಾಮಕರಣ. ಎಲ್ಲರೂ ತೊಟ್ಟಿಲ ಸುತ್ತ ನಿಂತು ಮಗುವಿನ ಮೂಗು ಯಾರದು, ಕಿವಿ ಯಾರದು ಎಂದು ಪಾಲು ಮಾಡುತ್ತಿದ್ದರು. ನಾನು ಒಳಗೆ ಒಂದು ಚಾಕುವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಮಗುವಿನ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು.

“ಏನ್ರೀ ಗಿರಿಜಮ್ಮ, ಯಾರ ಮೇಲೆ ಕೋಪ?”

“ಕೋಪ ಅಲ್ಲ ಕಣ್ರೀ. ಇದು ಪೂರ್ತಿ ಮೊಂಡಾಗ್ಬಿಟ್ಟಿದೆ. ಇದ್ರಲ್ಲಿ ಬೆಣ್ಣೇನೂ ಕುಯ್ಯೋಕಾಗಲ್ಲ.”

ಅವರ ಮುಖ ಸ್ವಲ್ಪ ಸಪ್ಪಗಾಯಿತು. ಒಬ್ಬರ ಮನೆಯ ಚಾಕು ಮೊಂಡು ಎನ್ನುವುದು ಅವರ ಮನೆಯ ಸಾರು ಚಪ್ಪೆ ಎಂದಷ್ಟೇ ನೋವಿನ ಮಾತು ಎಂಬುದು ನನಗೆ ಈಚೆಗೆ ಗೊತ್ತಾಗಿದೆ. ಗೊತ್ತಾದರೂ ಬಾಯಿ ಕೇಳುವುದಿಲ್ಲ. ಅಂದೂ ಊಟ ಮುಗಿಸಿ ಹೊರಡುವಾಗ ಆ ಚಾಕುವನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡೇ ಬಂದೆ. ಕೊಟ್ಟದ್ದು ಒಂದು ಜೊತೆ ಬೆಳ್ಳಿ ಕಡಗ, ತಂದದ್ದು ಒಂದು ಮೊಂಡು ಚಾಕು.

ನಾನು ಹುಟ್ಟಾ ಸಾಣೆಯವಳಲ್ಲ. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬ್ಲೌಸು, ಚೂಡಿದಾರ ಹೊಲಿಯುವವಳು. ಇಷ್ಟು ವರ್ಷ ನನಗೆ ಹರಿತದ ಚಿಂತೆ ಇದ್ದದ್ದು ಕತ್ತರಿಯ ಬಗ್ಗೆ ಮಾತ್ರ. ನನ್ನ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೆ ಅವರೊಂದಿಗೆ ಒಂದು ವಾರ ಮಾತು ಬಿಡುತ್ತೇನೆ. ನಮ್ಮ ಮೇಷ್ಟ್ರು, ಅಂದರೆ ನಮ್ಮ ಯಜಮಾನರು, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಮೊದಲು ಆ ತಪ್ಪು ಮಾಡುತ್ತಿದ್ದರು, ಈಗ ಹಾಲಿನ ಪ್ಯಾಕೆಟ್ಟನ್ನೂ ಹಲ್ಲಿನಲ್ಲೇ ಕಚ್ಚುತ್ತಾರೆ.

ನಾನು ಹುಟ್ಟಿದ್ದು ಯಗಟಿಯಲ್ಲಿ. ಅಲ್ಲಿಗೆ ಆಗಾಗ ಸಾಣೆಯವನೊಬ್ಬ ಬರುತ್ತಿದ್ದ. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಹಿಮ್ಮುಖ ಕೂತು ಪೆಡಲು ತುಳಿದರೆ ಮುಂದಿನ ಸಾಣೆಕಲ್ಲು ಗಿರ್ರೆಂದು ತಿರುಗುತ್ತಿತ್ತು. ಕುಡುಗೋಲು ತಾಗಿದೊಡನೆ ಕಿಡಿ ಹಾರುತ್ತಿತ್ತು. ಆ ಕಿಡಿಗೆ ಅಂಗೈ ಒಡ್ಡಿದರೆ ಸುಡುವುದಿಲ್ಲ, ಇರುವೆ ಹರಿದ ಹಾಗಾಗುತ್ತದೆ ಎಂದು ಕಂಡುಹಿಡಿದವಳು ನನ್ನ ಅಕ್ಕ ಪಾರ್ವತಿ. ಕಂಡುಹಿಡಿದದ್ದು ನನ್ನ ಕೈಯನ್ನು ಮೊದಲು ಮುಂದಕ್ಕೆ ನೂಕಿ. ಸಾಣೆಯವನು ಬಾರದ ತಿಂಗಳುಗಳಲ್ಲಿ ಅವ್ವ ಚಾಕುವನ್ನು ಹಿತ್ತಿಲ ಬಾಗಿಲಿನ ಕಲ್ಲಿನ ಮೆಟ್ಟಿಲಿಗೇ ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಆ ಮೆಟ್ಟಿಲಿನ ಅಂಚು ಹಸುವಿನ ಬೆನ್ನಿನ ಹಾಗೆ ಬಾಗಿತ್ತು. ಮಳೆ ಬಂದರೆ ಅಲ್ಲೊಂದು ಪುಟ್ಟ ಹೊಂಡವಾಗಿ ಗುಬ್ಬಚ್ಚಿಗಳು ಮೈ ತೊಳೆಯುತ್ತಿದ್ದವು.

ನನಗಿಂತ ಎಂಟು ವರ್ಷಕ್ಕೆ ದೊಡ್ಡವಳಾದ ಅಕ್ಕನನ್ನು ಅದೇ ಊರಿನಲ್ಲಿ ಸೋದರತ್ತೆಯ ಮಗನಿಗೆ ಕೊಟ್ಟರು. ಕುರಿ, ತೆಂಗು, ರಾಗಿ ಹೊಲ, ತುಂಬಿದ ಮನೆ. ಅಕ್ಕ ತರಕಾರಿ ಹೆಚ್ಚುವುದನ್ನು ನೀವು ನೋಡಬೇಕಿತ್ತು. ಮಠದಲ್ಲಿ ದಾಸೋಹವೆಂದರೆ ಹೆಚ್ಚುವ ಹೆಂಗಸರ ಸಾಲಿಗೆ ಅವಳೇ ಮುಖ್ಯಸ್ಥೆ. ಎಲೆಕೋಸು ಅವಳ ಕೈಯಿಂದ ನೂಲಿನ ಹಾಗೆ ಇಳಿಯುತ್ತಿತ್ತು; ಕಣ್ಣು ಮಾತ್ರ ಪಕ್ಕದವಳ ಹೊಸ ಸೀರೆಯ ಮೇಲೆ ಇರುತ್ತಿತ್ತು.

ಇನ್ನು ಯಂತ್ರದ ಕತೆ. ಮೇಷ್ಟ್ರ ತಮ್ಮ ಕಡೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ. ಬೇರೆ ವ್ಯಾಪಾರಕ್ಕೆ ಇಳಿದಾಗ ಅಂಗಡಿಯ ಸಾಮಾನು ಹಂಚಿದ. ನಮ್ಮ ಪಾಲಿಗೆ ಬಂದದ್ದು ಒಂದು ಬೆಂಚ್ ಗ್ರೈಂಡರ್. ನಡುವೆ ಮೋಟಾರು, ಎಡಕ್ಕೊಂದು ಬಲಕ್ಕೊಂದು ಕಲ್ಲಿನ ಚಕ್ರ. ಗ್ರೈಂಡರು ಬಂದಿದೆಯಂತೆ ಎಂಬ ಸುದ್ದಿ ಕೇಳಿ ಪಕ್ಕದ ಮನೆಯ ಸುಮಾ ದೋಸೆಗೆ ನೆನೆಹಾಕಿದ ಅಕ್ಕಿ, ಉದ್ದಿನಬೇಳೆ ಹೊತ್ತು ಬಂದಳು. ಯಂತ್ರವನ್ನು ನೋಡಿ, “ಇದ್ರಲ್ಲಿ ಹಿಟ್ಟು ಎಲ್ಲಿಂದ ಬತ್ತದೆ ಅಕ್ಕಾ?” ಎಂದು ಬಹಳ ಹೊತ್ತು ಹುಡುಕಿದಳು.

ನನಗೆ ಅದನ್ನು ನೋಡಿದ ಕೂಡಲೇ ಕತ್ತರಿಗೆ ಸಾಣೆ ಹಿಡಿಯುವ ಆಸೆ ಹುಟ್ಟಿತು. ಫೋನಿನಲ್ಲಿ ಹುಡುಕಿದೆ. ಯಾವುದೋ ದೇಶದ ಬಿಳಿ ಗಡ್ಡದ ತಾತನೊಬ್ಬ ವಿಡಿಯೋದಲ್ಲಿ ಸಿಕ್ಕಿದ. ಆತ ಕಲ್ಲಿನ ಚಕ್ರ ಬಿಚ್ಚಿ ಕಾಗದದ ಚಕ್ರ ಹಾಕಿದ್ದ! ಕಾಗದವನ್ನು ಪದರ ಪದರವಾಗಿ ಅಂಟಿಸಿ, ಒತ್ತಿ, ಮರದ ಹಾಗೆ ಗಟ್ಟಿ ಮಾಡಿದ ಚಕ್ರ. ಒಂದರ ಅಂಚಿಗೆ ಸಣ್ಣ ಮರಳಿನಂಥ ಪುಡಿ ಹಚ್ಚಿ ಮೇಣ ಸವರಿತ್ತು. ಇನ್ನೊಂದು ಬರೀ ಕಾಗದ, ಅಂಚಿನಲ್ಲಿ ಸೀಳು ಸೀಳು. ಮೊದಲನೆಯದು ಅಲುಗನ್ನು ಸವೆಸುತ್ತದೆ, ಎರಡನೆಯದು ನುಣುಪು ಮಾಡುತ್ತದೆ. ತಾತನ ಇಂಗ್ಲಿಷು ನನಗೆ ಅರ್ಧಂಬರ್ಧ ತಿಳಿಯಿತು, ಕೈ ಮಾತ್ರ ಪೂರ್ತಿ ತಿಳಿಯಿತು. ಹತ್ತಾರು ಸಲ ನೋಡಿದ ಮೇಲೆ, ಆತ ಕೊನೆಯಲ್ಲಿ ಕತ್ತರಿ ಎತ್ತಿ ತೋರಿಸಿ ತಲೆ ಅಲ್ಲಾಡಿಸುವುದು ಕಣ್ಣಿಗೆ ಬಿತ್ತು. ಮೇಷ್ಟ್ರನ್ನು ಕರೆದು ಕೇಳಿಸಿದೆ.

“ಕತ್ತರಿಗೆ ಇದು ಒಗ್ಗಲ್ಲ, ಚಾಕುವಿಗೆ ಮಾತ್ರ ಅಂತಿದಾನೆ ಕಣೇ,” ಅಂದರು ಮೇಷ್ಟ್ರು, ಬಹಳ ಸಂತೋಷದಿಂದ.

ಆದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಆ ಚಕ್ರ ತಿರುಗಲು ಶುರುವಾಗಿತ್ತು. ಕತ್ತರಿ ಮರೆತೆ. ಕಾಗದ ತಾನೇ, ನಾನೇ ಮಾಡಿದರಾಯಿತು ಎಂದುಕೊಂಡೆ. ಬ್ಲೌಸು ಹೊಲಿಸಲು ಬರುವ ಮದುವೆ ಮನೆಯವರೆಲ್ಲ ನನಗೊಂದು ಲಗ್ನಪತ್ರಿಕೆ ಕೊಟ್ಟುಹೋಗುತ್ತಾರೆ. ದಪ್ಪ ಕಾಗದ, ಎಸೆಯಲು ಮನಸ್ಸಾಗದೆ ಒಂದು ಪೆಟ್ಟಿಗೆ ತುಂಬಾ ಇಟ್ಟಿದ್ದೆ. ತಟ್ಟೆ ಇಟ್ಟು ಗುಂಡಗೆ ಗೆರೆ ಹಾಕಿ ಕತ್ತರಿಸಿದೆ. (ನನ್ನ ಕತ್ತರಿಯಲ್ಲಲ್ಲ, ಮೇಷ್ಟ್ರ ಮೀಸೆ ಕತ್ತರಿಯಲ್ಲಿ.) ಬಡಗಿಗಳ ಬಿಳಿ ಗೋಂದು ಹಚ್ಚಿ ಒಂದರ ಮೇಲೊಂದು ಕೂರಿಸಿ, ಮೇಲೆ ಒರಳುಕಲ್ಲು ಹೇರಿದೆ. ಒಣಗುವುದಕ್ಕೆ ಇನ್ನೂ ಬಿಡಬೇಕಿತ್ತು. ನನಗೆ ತಾಳ್ಮೆ ಎಲ್ಲಿ?

ಹಿತ್ತಿಲಿನ ತಗಡಿನ ಶೀಟಿನಡಿ ಯಂತ್ರ ಕೂರಿಸಿ, ಮೇಷ್ಟ್ರ ಹೆಲ್ಮೆಟ್ಟು ಹಾಕಿಕೊಂಡು, ಮುಂದಿನ ಗಾಜು ಇಳಿಸಿ ಸ್ವಿಚ್ಚು ಒತ್ತಿದೆ. ಚಕ್ರ ಒಮ್ಮೆ ಅಳ್ಳಾಡಿತು, ಗೊರಗುಟ್ಟಿತು, ಆಮೇಲೆ ಪಟಪಟನೆ ಬಿಚ್ಚಿಕೊಂಡಿತು. ಹಿತ್ತಿಲ ತುಂಬ ಚಿನ್ನದ ಅಕ್ಷರಗಳು ಹಾರಾಡಿದವು. ಮೇಷ್ಟ್ರು ಹಳೇ ಅಭ್ಯಾಸದಿಂದ ಸೀಟಿ ಊದುತ್ತಾ ಓಡಿಬಂದು ಪ್ಲಗ್ಗು ಕಿತ್ತರು. ಸುಮಾ ಕಾಂಪೌಂಡಿನ ಆಚೆಯಿಂದ ಒಂದು ಚೂರು ಎತ್ತಿಕೊಂಡು ಓದಿದಳು: “ಅಕ್ಷತೆ ಹಾಕಿ ಆಶೀರ್ವದಿಸಬೇಕಾಗಿ ಕೋರಿಕೆ.”

ಮೇಷ್ಟ್ರು ಬೈಯಲಿಲ್ಲ. ಮರುದಿನದಿಂದ ನಾನು ಯಂತ್ರದ ಕಡೆ ನೋಡಲೂ ಇಲ್ಲ. ಆದರೆ ಸ್ವಲ್ಪ ದಿನದ ಮೇಲೆ ಕೊರಿಯರಿನವನು ನನ್ನ ಹೆಸರಿಗೆ ಒಂದು ಡಬ್ಬ ತಂದ. ಒಳಗೆ ಎರಡು ಕಾಗದದ ಚಕ್ರ, ಸಾಬೂನಿನ ತುಂಡಿನಂಥ ಬಿಳಿ ಪಾಲಿಶು. ನಾನು ಮುಖ ನೋಡಿದರೆ ಮೇಷ್ಟ್ರು ಪೇಪರಿನ ಹಿಂದೆ ಅಡಗಿಕೊಂಡು, “ಇನ್ನೂ ಯಾರ್ಯಾರ ಮದುವೆ ಹರಿದು ಹಾಕ್ತೀಯೋ ಅಂತ ತರಿಸ್ದೆ,” ಅಂದರು.

ಕಲಿಯುವ ಪಾಡು ಆಮೇಲೆ ಶುರುವಾಯಿತು. ಕಲ್ಲಿನ ಚಕ್ರ ನಮ್ಮ ಕಡೆಗೆ ತಿರುಗುತ್ತದೆ. ಕಾಗದಕ್ಕೆ ಅದು ಆಗದು. ಅಲುಗು ಕಾಗದವನ್ನೇ ಕಚ್ಚಿಬಿಡುತ್ತದೆ. ಚಕ್ರ ಅಲುಗಿನಿಂದ ದೂರಕ್ಕೆ ಓಡಬೇಕು. ಹಾಗಾಗಿ ಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿಟ್ಟು ಅದರ ಬೆನ್ನಿನ ಕಡೆ ನಿಲ್ಲಬೇಕು. ಇದನ್ನು ತಾತ ಹೇಳಿದ್ದ, ನಾನು ಕೇಳಿಸಿಕೊಂಡಿರಲಿಲ್ಲ. ಮೊದಲ ಚಾಕು ಚಕ್ರಕ್ಕೆ ಮುಟ್ಟಿದ್ದೇ ತಡ, ಕೈಯಿಂದ ಕಿತ್ತುಕೊಂಡು ಹಾರಿ ಹೋಗಿ ಗೋಡೆ ಪಕ್ಕದ ಕೊಬ್ಬರಿ ಚೀಲಕ್ಕೆ ನೆಟ್ಟಗೆ ನಾಟಿತು. ಮತ್ತೆ ಸೀಟಿ. ಆ ದಿನದಿಂದ ನಾನು ಯಂತ್ರದ ಮುಂದೆ ಇದ್ದಷ್ಟು ಹೊತ್ತೂ ಮೇಷ್ಟ್ರು ಸೀಟಿ ಬಾಯಲ್ಲಿಟ್ಟುಕೊಂಡು ಸ್ವಿಚ್ಚಿನ ಪಕ್ಕ ನಿಲ್ಲುತ್ತಾರೆ.

ಆಮೇಲಿನದು ಓರೆಯ ಸಮಸ್ಯೆ. ಅಲುಗನ್ನು ಎಷ್ಟು ಓರೆ ಹಿಡಿಯಬೇಕು? ಚಕ್ರ ಅಲುಗಿನ ತುದಿಗೆ ತಾಗುತ್ತಿದೆಯೋ, ಬೆನ್ನಿಗೆ ತಾಗುತ್ತಿದೆಯೋ ಕಾಣುವುದಿಲ್ಲ. ತಾತ ಅಲುಗಿನ ಅಂಚಿಗೆ ಕಪ್ಪು ಪೆನ್ನಿನಲ್ಲಿ ಬಣ್ಣ ಬಳಿಯುತ್ತಿದ್ದ. ಬಣ್ಣ ಎಲ್ಲಿ ಅಳಿಯುತ್ತದೋ ಅಲ್ಲಿ ತಾಗುತ್ತಿದೆ ಎಂದು ಲೆಕ್ಕ. ನಮ್ಮನೆಯಲ್ಲಿ ಆ ಪೆನ್ನು ಇರಲಿಲ್ಲ, ಕಾಡಿಗೆ ಇತ್ತು. ಚಾಕುಗಳಿಗೆಲ್ಲ ಕಾಡಿಗೆ ಹಚ್ಚಿ ಸಾಲಾಗಿ ಮಲಗಿಸಿದೆ. ಮೇಷ್ಟ್ರು, “ದೃಷ್ಟಿಬೊಟ್ಟೂ ಇಟ್ಬಿಡು,” ಅಂದರು.

ಒಂದು ಒಳ್ಳೆಯ ಚಾಕುವನ್ನು ಒತ್ತಿ ಹಿಡಿದು ಸುಟ್ಟೆ; ತುದಿ ನವಿಲಿನ ಕತ್ತಿನ ಹಾಗೆ ನೀಲಿ ತಿರುಗಿತು. ಹಾಗೆ ನೀಲಿಯಾದ ಉಕ್ಕು ಸೌದೆಯಷ್ಟೂ ಕುಯ್ಯುವುದಿಲ್ಲ. ಒತ್ತಬಾರದು, ತಾಗಿಸಿ ಎಳೆಯಬೇಕು, ನಡುನಡುವೆ ನೀರಿಗೆ ಅದ್ದಬೇಕು ಎಂದು ತಿಳಿಯಿತು. ಆದರೂ ಹರಿತ ಬರಲಿಲ್ಲ. ಒಂದು ದಿನ ಬೇಸತ್ತು ಅಲುಗಿನ ಇನ್ನೊಂದು ಬದಿಯನ್ನು ಬೆರಳಿನಿಂದ ಸವರಿದಾಗ ಏನೋ ತರಿತರಿಯಾಗಿ ಸಿಕ್ಕಿತು. ಸವೆದ ಉಕ್ಕು ಕೂದಲಿನಷ್ಟು ತೆಳುವಾಗಿ ಆಚೆಗೆ ಮಡಚಿಕೊಂಡಿತ್ತು. ಬಟ್ಟೆ ಕತ್ತರಿಸಿದ ಮೇಲೆ ಅಂಚಿನಲ್ಲಿ ನೂಲು ಏಳುತ್ತದಲ್ಲ, ಹಾಗೆ! ಅಂಚಿನ ನೂಲು ನನಗೆ ಗೊತ್ತಿಲ್ಲದ್ದೇ? ಜೀವಮಾನವೆಲ್ಲ ಅದನ್ನೇ ಮಟ್ಟ ಹಾಕಿದವಳು. ಈ ನೂಲು ಅಲುಗಿನ ಉದ್ದಕ್ಕೂ ಏಳುವವರೆಗೆ ಮೊದಲ ಚಕ್ರ. ಆಮೇಲೆ ಅದನ್ನು ಬಿಡಿಸುವುದಕ್ಕೆ ಸೀಳಿನ ಚಕ್ರ. ಅಲ್ಲಿಗೆ ಚಾಕು ತನ್ನ ಗುಟ್ಟು ಬಿಟ್ಟುಕೊಟ್ಟಿತು.

ಅಂದು ಬೆಳಗಿನ ಪೇಪರನ್ನು ನಿಲ್ಲಿಸಿ ಹಿಡಿದು ಚಾಕು ಇಳಿಸಿದೆ. ಸದ್ದೇ ಇಲ್ಲದೆ ಎರಡು ಹೋಳಾಯಿತು. ಮೇಷ್ಟ್ರಿಗೆ ಆ ದಿನ ಕ್ರೀಡಾಪುಟದಲ್ಲಿ ಯಾರು ಆಡಿದರೆಂದು ಒಂದು ಹೋಳಿನಲ್ಲೂ, ಗೆದ್ದವರು ಯಾರೆಂದು ಇನ್ನೊಂದು ಹೋಳಿನಲ್ಲೂ ಸಿಕ್ಕಿತು.

ಇಷ್ಟಕ್ಕೇ ನಿಂತಿದ್ದರೆ ಇದು ಹೊತ್ತು ಕಳೆಯುವ ಹುಚ್ಚಾಗಿ ಉಳಿಯುತ್ತಿತ್ತು. ಅಕ್ಕ ಬಂದದ್ದು ಆಗ.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಬಿದ್ದಳು. ಲಕ್ವ. ದೇವರ ದಯೆ, ಮಾತು ಉಳಿಯಿತು, ಕಾಲು ಕುಂಟುತ್ತಾ ವಾಪಸು ಬಂತು. ಬಲಗೈ ಮಾತ್ರ ಬರಲಿಲ್ಲ. ಲೋಟವನ್ನೂ ಸರಿಯಾಗಿ ಹಿಡಿಯಲಾರದು. ಅವಳ ಸೊಸೆ ಶೋಭಾ ಚಿನ್ನದಂಥ ಹುಡುಗಿ. ಅತ್ತೆಗೆ ಊಟ, ಮಾತ್ರೆ, ಎಣ್ಣೆ ತಿಕ್ಕುವುದು, ಒಂದಕ್ಕೂ ಕೊರತೆ ಮಾಡಲಿಲ್ಲ. ಅಡುಗೆಮನೆಗೆ ಮಾತ್ರ ಬಿಡಲಿಲ್ಲ. ಕಡೂರಿನ ಡಾಕ್ಟರಿಗೆ ತೋರಿಸಿಕೊಂಡು ಕೆಲವು ದಿನ ಇದ್ದು ಹೋಗಲೆಂದು ಅಕ್ಕ ನಮ್ಮನೆಗೆ ಬಂದಾಗ, ಅವಳು ಕಡಿಮೆ ಮಾತಾಡುತ್ತಿರುವುದು ನನಗೆ ಕಂಡಿತು. ಲಕ್ವ ಕಿತ್ತುಕೊಳ್ಳದ ಮಾತನ್ನು ಅವಳೇ ಒಳಗಿಟ್ಟುಕೊಂಡಿದ್ದಳು.

“ಸುಮ್ನೆ ಕೂತು ಸಾಕಾಗಿದೆ ಕಣೇ. ಏನಾದ್ರೂ ಕೆಲ್ಸ ಕೊಡು,” ಅಂದಳು.

ನಾನು ಹುರುಳಿಕಾಯಿ ಮುಂದಿಟ್ಟೆ. ಒಂದು ಕೈಯಲ್ಲಿ ಮುರಿಯಬಹುದಲ್ಲ ಎಂದು. ಅವಳು ನಾಲ್ಕು ಕಾಯಿ ಮುರಿದು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು.

“ಇದು ಹಸುಗೂಸಿಗೆ ಕೊಡೋ ಕೆಲ್ಸ ಕಣೇ ಗಿರ್ಜಾ.”

ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಸಂಜೆ ಹಿತ್ತಿಲಲ್ಲಿ ಮೇಷ್ಟ್ರಿಗೆ ಹೇಳಿದೆ, ಅಕ್ಕನಿಗೊಂದು ಚಾಕು ಮಾಡಿಕೊಡುತ್ತೇನೆಂದು.

“ತಲೆ ಸರಿ ಇದ್ಯಾ? ಒಂದು ಕೈಯಿ. ಅದೂ ಎಡಗೈ. ಅಂಥೋರ ಕೈಗೆ ನಿನ್ನ ಪೇಪರ್ ಕುಯ್ಯೋ ಚಾಕಾ?”

“ಮೊಂಡು ಚಾಕು ಆದ್ರೆ ಒತ್ತಬೇಕು ಕಣ್ರೀ. ಒತ್ತಿದ್ರೆ ಜಾರ್ತದೆ, ಜಾರಿದ್ರೆ ಕೈ ಕುಯ್ತದೆ. ಹರಿತ ಇದ್ರೆ ಒತ್ತೋ ಹಂಗೇ ಇಲ್ಲ, ಎಳೆದ್ರೆ ಸಾಕು. ಅವಳಲ್ಲಿ ಇಲ್ದೇ ಇರೋದು ಬಲ. ಚಾಕು ಹಿಡಿಯೋದು ಮರೆತಿಲ್ಲ.”

“ತರಕಾರಿ ಯಾರು ಹಿಡ್ಕೊತಾರೆ, ನಿಮ್ಮಜ್ಜಿನಾ?”

ಮೇಷ್ಟ್ರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಡಿಸಿದರು. ಆಮೇಲೆ ಒಳಗೆ ಹೋಗಿ ಒಂದು ಹಲಗೆ, ತುಕ್ಕು ಹಿಡಿಯದ ಮೂರು ಮೊಳೆ, ಸುತ್ತಿಗೆ ತಂದರು. ಹಲಗೆಯ ಕೆಳಗಿನಿಂದ ಮೊಳೆ ಹೊಡೆದು ಮೇಲೆ ಮುಳ್ಳಿನ ಹಾಗೆ ನಿಲ್ಲಿಸಿದರು. ಒಂದು ಆಲೂಗಡ್ಡೆಯನ್ನು ಅದರ ಮೇಲೆ ಚುಚ್ಚಿ ಅಲ್ಲಾಡಿಸಿ ನೋಡಿದರು. ಕದಲಲಿಲ್ಲ. ನಾನು ಯಂತ್ರದ ಬೆನ್ನಿನ ಕಡೆ ನಿಂತು, ಹಗುರಾದ ಒಂದು ಚಾಕು ಆರಿಸಿ, ಯಾವ ಗಿರಾಕಿಯ ರೇಷ್ಮೆ ಬ್ಲೌಸಿಗೂ ತೋರದಷ್ಟು ಜಾಗ್ರತೆಯಿಂದ ಸಾಣೆ ಹಿಡಿದೆ. ತುದಿಯ ಮೊನೆಯನ್ನು ಮಾತ್ರ ಬೇಕೆಂದೇ ಗುಂಡಗೆ ಸವೆಸಿದೆ.

ಬೆಳಗ್ಗೆ ಹಲಗೆ, ಚಾಕು, ಬದನೆಕಾಯಿ ಮೂರನ್ನೂ ಅಕ್ಕನ ಮುಂದಿಟ್ಟೆವು. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

“ಎಡಗೈಲಾ? ನಾಲ್ಕು ಜನ ಉಣ್ಣೋ ಅಡುಗೆಗೆ ಎಡಗೈಲಿ ಹೆಚ್ತಾರೇನೇ? ಬ್ಯಾಡ ಕಣೇ. ಶೋಭಾ ನೋಡಿದ್ರೆ ಏನಂದ್ಕೊತಾಳೆ.”

ಅವಳ ಧ್ವನಿಯಲ್ಲಿ ನಾಚಿಕೆ ಇತ್ತು. ಇಷ್ಟು ದಿನ ಅವಳನ್ನು ಅಡುಗೆಮನೆಯಿಂದ ಆಚೆ ಇಟ್ಟದ್ದು ಶೋಭಾ ಒಬ್ಬಳೇ ಅಲ್ಲ ಎಂದು ನನಗೆ ಆಗ ಹೊಳೆಯಿತು. ಹೆಂಗಸರ ಮಾತಿಗೆ ಎಂದೂ ಬಾಯಿ ಹಾಕದ ಮೇಷ್ಟ್ರು ಬಾಗಿಲಿನಿಂದ ಕೇಳಿದರು:

“ಅಕ್ಕಾ, ದಿನಾ ಪೂಜೆಗೆ ಕೂತಾಗ ಲಿಂಗಯ್ಯನ್ನ ಯಾವ ಅಂಗೈ ಮೇಲೆ ಇಟ್ಕೊತೀರಾ?”

ಅಕ್ಕ ಇಷ್ಟಲಿಂಗ ಹಿಡಿಯುವ ತನ್ನ ಎಡ ಅಂಗೈಯನ್ನು ನೋಡಿಕೊಂಡಳು.

“ಶಿವನಿಗೆ ಆಗೋ ಕೈಯಿ ಬದನೆಕಾಯಿಗೆ ಆಗಲ್ವಾ?”

ಅಕ್ಕ ನಕ್ಕಳು. ಬಿದ್ದ ಮೇಲೆ ಅವಳ ನಗು ಒಂದು ಪಕ್ಕಕ್ಕೆ ವಾಲುತ್ತದೆ. ನಗುತ್ತಲೇ ಚಾಕು ಎತ್ತಿಕೊಂಡಳು. ಮೊದಲ ಹೋಳು ಸೊಟ್ಟ. ಎರಡನೆಯದು ಆನೆಯ ಕಿವಿ. ನಾಲ್ಕಾರು ಕಾಯಿ ಆಗುವಷ್ಟರಲ್ಲಿ ಅವಳು ಚಾಕುವನ್ನು ಒತ್ತುವುದು ಬಿಟ್ಟು ಎಳೆಯತೊಡಗಿದ್ದಳು. “ಇದು ತಾನೇ ಇಳೀತದಲ್ಲೇ!” ಎಂದಳು. ಅಂದಿನ ಎಣ್ಣೆಗಾಯಿ ಬೆಂದದ್ದು ಒಂದಾದರೆ ಬೇಯದ್ದು ಇನ್ನೊಂದು. ಮೂವರೂ ಎರಡೆರಡು ಸಲ ಬಡಿಸಿಕೊಂಡೆವು.

ವಾರ ಕಳೆದು ಅಕ್ಕ ಹಲಗೆ, ಚಾಕು ಕಟ್ಟಿಕೊಂಡು ಊರಿಗೆ ಹೋದಳು. ಮರುದಿನವೇ ಶೋಭಾಳ ಫೋನು.

“ಏನ್ ಚಿಕ್ಕತ್ತೆ ನೀವು! ಅತ್ತೆ ಕೈಗೆ ಅಂಥಾ ಚಾಕು ಕೊಟ್ಟು ಕಳ್ಸಿದೀರಲ್ಲ. ನಾನು ಎತ್ತಿಟ್ಟಿದೀನಿ. ಬೇಜಾರು ಮಾಡ್ಕೋಬೇಡಿ.”

ಬೇಜಾರಾಗದೆ ಇರುತ್ತದೆಯೇ? ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಬೀರೂರಿಗೆ ಹೋಗಿ ಬಸ್ಸು ಬದಲಿಸಿ, ಕಡೂರು ದಾಟಿ ಯಗಟಿಗೆ ಇಳಿಯುವಾಗ ಬೈಗುಳವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಅಕ್ಕ ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ, “ಬಂದ್ಯಾ,” ಅಂದಳು, ಅಷ್ಟೇ. ಒಳಗೆ ಹೋದೆ. ಶೋಭಾ ಕುಂಬಳಕಾಯಿಯ ಜೊತೆ ಗುದ್ದಾಡುತ್ತಿದ್ದಳು. ಮೊಂಡು ಚಾಕುವಿನ ಬೆನ್ನಿಗೆ ಅಂಗೈ ಕೊಟ್ಟು ಮೈಭಾರವೆಲ್ಲ ಹಾಕುತ್ತಿದ್ದಳು. ನನ್ನ ಮುಖ ನೋಡಿದ್ದೇ ಅವಳ ಕಣ್ಣಲ್ಲಿ ನೀರು ಬಂತು.

“ಬೈಬೇಡಿ ಚಿಕ್ಕತ್ತೆ. ಅವತ್ತು ಬಚ್ಚಲಲ್ಲಿ ಬಿದ್ದಾಗ ಎತ್ತಿದೋಳು ನಾನು. ಹಣೆಯಿಂದ ರಕ್ತ ಸುರೀತಿತ್ತು. ಇನ್ನೊಂದ್ಸಲ ಅವ್ರಿಗೆ ಗಾಯ ಆದ್ರೆ ನನ್ ಕೈಲಿ ನೋಡೋಕಾಗಲ್ಲ.”

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅವಳ ಪಕ್ಕ ಕೂತೆ.

“ಆ ಚಾಕು ಎಲ್ಲಿಟ್ಟಿದೀಯಮ್ಮ? ತಗೊಂಬಾ. ಅಕ್ಕನಿಗೆ ಕೊಡ್ಬೇಡ. ನೀನು ಹಿಡಿ.”

ಅಟ್ಟದ ಮೇಲಿನಿಂದ ತಂದಳು. ಕುಂಬಳಕಾಯಿಯ ಮೇಲಿಟ್ಟು, ಅಭ್ಯಾಸದಂತೆ ಒತ್ತಲು ಹೋದಳು. ನಾನು ಕೈ ತಡೆದೆ. “ಒತ್ತಬೇಡ. ಎಳಿ.” ಎಳೆದಳು. ಕುಂಬಳಕಾಯಿ ಬಾಯಿ ಬಿಟ್ಟಿತು. ಶೋಭಾ ನನ್ನ ಮುಖ ನೋಡಿದಳು, ಚಾಕು ನೋಡಿದಳು, ಆಮೇಲೆ ತನ್ನ ಅಂಗೈಯ ಕೆಂಪು ಬರೆ ನೋಡಿಕೊಂಡಳು.

“ಇಷ್ಟು ದಿನ ಗಾಯ ಆಗೋ ಚಾಕು ಇಟ್ಕೊಂಡಿದ್ದೋಳು ನೀನು ಕಣಮ್ಮ,” ಅಂದೆ. “ಅಕ್ಕ ಹೆಚ್ಚೋವಾಗ ಮೊದ್ಲು ಎರಡು ದಿನ ಪಕ್ಕದಲ್ಲೇ ಕೂತ್ಕೋ. ಸರಿಯಿಲ್ಲ ಅನ್ನಿಸಿದ್ರೆ ಕಿತ್ಕೊಂಡು ಅಟ್ಟಕ್ಕೆ ಹಾಕು. ನಾನು ಒಂದು ಮಾತೂ ಆಡಲ್ಲ.”

ಶೋಭಾ ಸ್ವಲ್ಪ ಹೊತ್ತು ಸೆರಗಿನ ತುದಿ ಮಡಚುತ್ತಾ ಬಿಡಿಸುತ್ತಾ ಇದ್ದಳು. ಆಮೇಲೆ ಎದ್ದು ಹೊರಗೆ ಹೋದಳು. “ಅತ್ತೆ, ಹುಳಿಗೆ ಹೆಚ್ಚಿಕೊಡ್ತೀರಾ? ಇವತ್ತು ಉಣ್ಣೋ ಜನ ಜಾಸ್ತಿ,” ಎಂದು ಕೇಳಿದ್ದು ನನಗೆ ಕೇಳಿಸಿತು. ಜಗಲಿಯಿಂದ ಅಕ್ಕನ ಊರುಗೋಲಿನ ಸದ್ದು ಬಂತು.

ಅಕ್ಕ ಒಳಗೆ ಬಂದು ಹಿತ್ತಿಲ ಬಾಗಿಲ ಬಳಿ ಮಣೆ ಹಾಕಿಸಿಕೊಂಡು ಕೂತಳು. ಶೋಭಾ ಹಲಗೆ ಇಟ್ಟು, ಕುಂಬಳಕಾಯಿ ಹೋಳನ್ನು ಮೊಳೆಗೆ ಚುಚ್ಚಿ, ಚಾಕುವನ್ನು ಅವಳ ಎಡಗೈಗೆ ಕೊಟ್ಟು, ಉಸಿರು ಬಿಗಿಹಿಡಿದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ನಾನು ಇನ್ನೊಂದು ಪಕ್ಕ. ಇಬ್ಬರೂ ಮೊದಲ ಹೋಳನ್ನೇ ನೋಡುತ್ತಿದ್ದೆವು. ಇಳಿಯಿತು. ಎರಡನೆಯದೂ ಇಳಿಯಿತು. ಶೋಭಾಳ ಭುಜ ಸಡಿಲವಾಯಿತು. ನಾನು ಇನ್ನೂ ಚೆನ್ನಾಗಿ ನೋಡಬೇಕೆಂದು ಮುಂದಕ್ಕೆ ಬಾಗಿದೆ.

ಅಕ್ಕ ತಲೆ ಎತ್ತಲಿಲ್ಲ.

“ಏ ಗಿರ್ಜಾ, ಅತ್ಲಾಗೆ ಸರ್ಕೊಳೇ. ಬೆಳಕಿಗೆ ಅಡ್ಡ ಕೂತಿದೀಯ. ಶೋಭಾ, ಆ ಪಾತ್ರೆ ಹಿಂಗೆ ತಳ್ಳು. ಉಪ್ಪು ಎಲ್ಲಿಟ್ಟಿದೀಯ? ಇಬ್ರೂ ಹಿಂಗೆ ನನ್ ಬಾಯಿ ನೋಡ್ಕೊಂಡು ಕೂತ್ರೆ ಹುಳಿ ಕುದಿಯೋದು ಯಾವಾಗ?”

ನಾನು ಸರಿದು ಕೂತೆ.